ಹಾಡು ಕೂಡಿಸುತ್ತಾ?

ಸಂಗೀತಕ್ಕೆ ಜಾತಿ ಇಲ್ಲ ಅಂತ ಹೇಳುವವರನ್ನು ಬಹಳ ಕಡೆ ಕಂಡಿದ್ದೇನೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಮದುವೆ ಆರ್ಕೆಸ್ಟ್ರಾದಲ್ಲಿ, ಸಾಹಿತ್ಯದ ವೇದಿಕೆ ಮೇಲೆ. ಹಾಗೆ ಹೇಳುವವರ ಕೈಯಲ್ಲಿ ಹಲಗೆ ಇದ್ದದ್ದನ್ನು ಮಾತ್ರ ಒಂದು ಸಲವೂ ಕಾಣಲಿಲ್ಲ.

ನನ್ನ ಅಪ್ಪ ಹಲಗೆ ಬಾರಿಸ್ತಾನೆ. ನಾನು ಬಿ.ಎ. ಮಾಡಿದ್ದೇನೆ. ನಮ್ಮ ಮನೇಲಿ ಡಿಗ್ರಿ ಕಂಡ ಮೊದಲನೆಯವನು ನಾನೇ. ಆ ಮೂರು ವರ್ಷ ಶಿಕಾರಿಪುರದಿಂದ ಶಿರಾಳಕೊಪ್ಪ ಹಾಯ್ದು ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ನಾನೂ ಊರೊಳಗಿನ ಒಬ್ಬ ಗೆಳೆಯನೂ ಅಕ್ಕಪಕ್ಕ ಕೂತು ಓಡಾಡಿದೆವು. ಒಂದೇ ಇಯರ್‌ಫೋನು. ಬಲಗಿವಿ ಅವನದು, ಎಡಗಿವಿ ನನ್ನದು. ಅವನು ಹುಡುಗಿ ಹತ್ತಿರ ಜಗಳ ಆಡಿದ್ದರೆ ನನಗೆ ಅವನ ಸ್ಟೇಟಸ್ಸಿನ ಹಾಡಿನಲ್ಲೇ ಗೊತ್ತಾಗುತ್ತಿತ್ತು. ನಾನು ಫೀಸು ಕಟ್ಟಲಾಗದೆ ಕಂಗಾಲಾದ ದಿನ ಅವನು ಏನೂ ಕೇಳದೆ ಒಂದು ಹಳೇ ಹಂಸಲೇಖರ ಹಾಡು ಕಳಿಸಿದ್ದ. ಇದು ಸುಳ್ಳು ಅಂತ ನಾನು ಅನ್ನುವುದಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳಿಕೊಳ್ಳೋಕೆ ನಮ್ಮ ವಯಸ್ಸಿನವರಿಗೆ ಹಾಡು ಬಿಟ್ಟರೆ ಇನ್ನೇನಿದೆ?

ಆದರೆ ಆ ಮೂರು ವರ್ಷದಲ್ಲಿ ನಾನು ಅವನ ಮನೆ ಜಗಲಿ ದಾಟಲಿಲ್ಲ. ಅವನು ನಮ್ಮ ಕೇರಿಗೆ ಕಾಲಿಡಲಿಲ್ಲ. ಇದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಹಾಡು ಇತ್ತಲ್ಲ, ಮಾತಿನ ಅಗತ್ಯ ಬೀಳಲೇ ಇಲ್ಲ.

ಅವನು ಮೊದಲ ಸಲ ಕೇರಿಗೆ ಬಂದದ್ದು ಗಣಪತಿ ಬಿಡುವ ರಾತ್ರಿ. ಮಳೆಗೆ ಡಿಜೆಯ ಜನರೇಟರ್ ಕೆಟ್ಟು ನಿಂತಿತ್ತು. ಕುಣಿಯುತ್ತಿದ್ದ ಹುಡುಗರು ನಡುಬೀದಿಯಲ್ಲಿ ಹಾಗೇ ಉಳಿದಿದ್ದರು. ಅವನು ಕೇರಿ ಬಾಯಲ್ಲಿ ನಿಂತು ನನ್ನ ಹೆಸರು ಕೂಗಿದ. 'ನಿಮ್ಮಪ್ಪನ ಹಲಗೆ ತಗೊಂಡು ಬಾರೋ, ಒಂದೇ ಗಂಟೆ.' ಅವನ ದನಿಯಲ್ಲಿ ಕೇಡು ಇರಲಿಲ್ಲ, ಸಂಭ್ರಮ ಇತ್ತು. ನಾನು ಬರಲ್ಲ ಅಂದೆ. 'ಯಾಕೋ? ಹಾಡಿಗೆಂಥ ಜಾತಿ?' ಅಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಅಪ್ಪ ಗೂಟದಿಂದ ಹಲಗೆ ಇಳಿಸಿ, ಥಂಡಿಗೆ ಸಡಿಲಾಗಿದ್ದ ಚರ್ಮವನ್ನು ಹುಲ್ಲಿನ ಬೆಂಕಿಗೆ ಹಿಡಿದಿದ್ದ. ಮಾರನೇ ದಿನ ಅದೇ ಬೀದಿಯವರ ಅಡಿಕೆ ತೋಟಕ್ಕೆ ಅವನು ಕೂಲಿಗೆ ಹೋಗಬೇಕಿತ್ತು.

ಆ ರಾತ್ರಿ ಎಲ್ಲರೂ ಕುಣಿದರು. ಊರು ಒಂದಾಯಿತು ಅಂತ ಮರುದಿನ ಹೇಳಿಕೊಂಡರು. ನಿಜ, ಹಲಗೆ ಊರನ್ನು ಒಂದು ಮಾಡುತ್ತೆ. ಜಾತ್ರೆಯಲ್ಲಿ ದೇವರ ಮುಂದೆ, ಸಾವಿನಲ್ಲಿ ಹೆಣದ ಮುಂದೆ ಅದೇ ನಡೆಯುವುದು. ಗುಡಿ ಹೊಸ್ತಿಲು ಬಂದಾಗ ಮಾತ್ರ ನಿಲ್ಲುತ್ತೆ. ಸತ್ತ ದನ ಎಳೆದವರು ನಾವು, ಚರ್ಮ ಹದ ಮಾಡಿದವರು ನಾವು, ಬಾರಿಸಿದವರು ನಾವು, ಒಂದಾದವರು ಅವರು. ಆದ್ದರಿಂದ ಯಾರು ಕೂಡಿ ಕೇಳಿದರು, ಯಾರು ಕೂಡಿ ಕುಣಿದರು ಅನ್ನುವುದು ನನಗೆ ದೊಡ್ಡ ಪ್ರಶ್ನೆ ಅಲ್ಲ. ಬಾರಿಸುವವನು 'ಇವತ್ತು ಆಗಲ್ಲ' ಅನ್ನಬಹುದೇ? ಅಂದ ಮೇಲೂ ನಾಳೆ ಅವನಿಗೆ ಕೂಲಿ ಇರುತ್ತಾ? ಅವನು ಇಲ್ಲ ಅನ್ನೋಕೆ ಆಗದ ಕಡೆ ಸಂಬಂಧ ಅನ್ನುವ ಮಾತನ್ನೇ ಬಳಸಕೂಡದು. ಅಲ್ಲಿರುವುದು ಬಿಟ್ಟಿ ಚಾಕರಿ, ತಾಳಬದ್ಧವಾಗಿ.

ನಮ್ಮ ತಾಲೂಕಿನ ಬಳ್ಳಿಗಾವಿ ಅಲ್ಲಮನ ಊರು. ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮ ಮದ್ದಳೆ ಬಾರಿಸುವವನು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಬನವಾಸಿಗೆ ಹೋಗಿ ಮಾಯೆಯ ಕುಣಿತಕ್ಕೆ ಬಾರಿಸುತ್ತಾನೆ. ಎರಡರಲ್ಲೂ ಕೊನೆಗೆ ಬಿಟ್ಟು ಎದ್ದು ಹೋಗುತ್ತಾನೆ. ಪಂಡಿತರು ಇದರಲ್ಲಿ ವೈರಾಗ್ಯ ಕಾಣುತ್ತಾರೆ. ನನಗೆ ಕಾಣುವುದು ಬೇರೆ. ಮದ್ದಳೆ ಬಿಟ್ಟವನು ಅನುಭಾವಿ ಆಗಬಹುದಿತ್ತು. ಹಲಗೆ ಬಿಟ್ಟವನಿಗೆ ಸಿಗುವುದು ಬಹಿಷ್ಕಾರ.

ಒಂದೇ ದನಿ ಆದ ಮಾತ್ರಕ್ಕೆ ಜನ ಒಳ್ಳೆಯವರಾಗುವುದೂ ಇಲ್ಲ. ಸೊರಬದ ಚಂದ್ರಗುತ್ತಿಯಲ್ಲಿ ಚೌಡಿಕೆ ಇತ್ತು, ಪದ ಇತ್ತು, ಸಾವಿರಾರು ಬಾಯಿ ಒಟ್ಟಿಗೆ ಉಧೋ ಅನ್ನುತ್ತಿದ್ದವು. ವರದಾ ನದಿಯಲ್ಲಿ ಮುಳುಗಿ ಬೆತ್ತಲೆಯಾಗಿ ಗುಡ್ಡ ಹತ್ತಿದ ಹೆಂಗಸರಲ್ಲಿ ಹೆಚ್ಚಿನವರು ನಮ್ಮಂಥ ಜಾತಿಗಳವರು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರನ್ನೂ ಪೊಲೀಸರನ್ನೂ ಹಿಡಿದು ಬಡಿದು ಬಟ್ಟೆ ಕಿತ್ತು ಮೆರೆಸಿದ್ದು ಅದೇ ಗುಂಪು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಆ ಹೊತ್ತು ಅಲ್ಲಿ ದೊಡ್ಡ ಒಗ್ಗಟ್ಟೇ ಇತ್ತು. ಒಲ್ಲೆ ಅನ್ನೋ ಒಂದು ಹೆಣ್ಣಿಗೆ ಮಾತ್ರ ಅದರಲ್ಲಿ ಜಾಗ ಇರಲಿಲ್ಲ.

ಹಾಗಾದರೆ ಹಾಡಿನಿಂದ ಏನೂ ಆಗಲ್ಲವಾ? ಆಗಿದೆ, ನಮ್ಮ ಜಿಲ್ಲೆಯಲ್ಲೇ ಆಗಿದೆ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಸಂಘಟನೆ ಕಟ್ಟಿದಾಗ ಊರೂರಿಗೆ ಮೊದಲು ಹೋದದ್ದು ಹಾಡು, ಭಾಷಣ ಬಂದದ್ದು ಅದರ ಹಿಂದೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಹಾಡುತ್ತಾ ನಡೆದವರೂ ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗರು. ಅವರ ಕೈಯಲ್ಲೂ ಇದ್ದದ್ದು ಇದೇ ಚರ್ಮ, ಇದೇ ಕಡ್ಡಿ. ಆದರೆ ಯಾರೂ ಕರೆದು ಬಾರಿಸು ಅಂದಿರಲಿಲ್ಲ. ತಾವೇ ಎತ್ತಿಕೊಂಡಿದ್ದರು, ಬೇಡವಾದಾಗ ಕೆಳಗಿಡಬಹುದಿತ್ತು. ಒಂದು ಕೇರಿಯ ಹುಡುಗ ಇನ್ನೊಂದು ಕೇರಿಯ ಹುಡುಗನನ್ನು ಗುರುತು ಹಿಡಿದದ್ದು ಆ ಸದ್ದಿನಲ್ಲಿ. ಬಸ್ಸಿನಲ್ಲಿ ಒಮ್ಮೆ ಗೆಳೆಯನ ಬಲಗಿವಿಗೆ ಆ ಹಾಡು ಹಾಕಿದ್ದೆ. ತಲೆ ಆಡಿಸಿ ಕೇಳಿ, 'ಚೆನ್ನಾಗಿದೆ, ಯಾವ ಪಿಕ್ಚರ್‌ದು?' ಅಂದ. ನಾನು ನಕ್ಕು ಸುಮ್ಮನಾದೆ. ಆ ತಪ್ಪು ನನ್ನದು.

2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ಸುದ್ದಿಯನ್ನು ಅಪ್ಪನಿಗೆ ತೋರಿಸಿದೆ. ಚಿತ್ರವನ್ನು ಬಹಳ ಹೊತ್ತು ನೋಡಿ, 'ಹಂಗಾದ್ರೆ ಇನ್ಮೇಲೆ ಬಾರ್ಸಾಕಿಲ್ಲ ಅನ್ನಬೋದಾ?' ಅಂತ ಕೇಳಿದ. ನಾನು ಓದಿದ ಸೌಂದರ್ಯಮೀಮಾಂಸೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಗಣಪತಿ ರಾತ್ರಿ ಕಳೆದು ತಿಂಗಳ ಮೇಲೆ ಗೆಳೆಯ ಮತ್ತೆ ಹಾಡು ಕಳಿಸಿದ. ಉತ್ತರವಾಗಿ ನಾನು ಹಾಡು ಕಳಿಸಲಿಲ್ಲ. ಮೂರು ವರ್ಷ ಆಡದ ಮಾತನ್ನೆಲ್ಲ ಉದ್ದಕ್ಕೆ ಬರೆದು ಕಳಿಸಿದೆ. ಎರಡು ದಿನ ಅವನ ಕಡೆಯಿಂದ ಏನೂ ಬರಲಿಲ್ಲ. ಮೂರನೇ ದಿನ, 'ನಂಗೆ ಹಲಗೆ ಕಲಿಸ್ತೀಯಾ?' ಅಂತ ಬಂತು. ಕಲಿಸುವವನು ಅಪ್ಪ, ಅಪ್ಪ ಒಪ್ಪಿದರೆ ನಮ್ಮ ಅಂಗಳದಲ್ಲಿ ಅಂದೆ. ಅಪ್ಪ ಒಂದು ವಾರ ಆಗಲ್ಲ ಅಂದ, ಬೇಕೆಂದೇ ಅಂದ, ಆಮೇಲೆ ಹೂಂ ಅಂದ. ಭಾನುವಾರ ಅವನು ಬಂದು ಕಟ್ಟೆ ಮೇಲೆ ಕೂತ. ಅವ್ವ ಒಳಗಿಂದ ನನ್ನನ್ನು ಕರೆದು, 'ಚಾ ಕೊಡ್ಲೇನೋ, ಕುಡೀತಾರಾ?' ಅಂತ ಪಿಸುಗುಟ್ಟಿದಳು. ಕೊಡು ಅಂದೆ. ಅವಳು ಲೋಟ ತಂದಿಡುವ ಹೊತ್ತಿಗೆ ಅಪ್ಪ ಕಡ್ಡಿ ಹಿಡಿಯೋದು ತೋರಿಸುತ್ತಿದ್ದ. ಗೆಳೆಯನ ಎರಡು ಕೈಯೂ ಹಲಗೆ ಮೇಲಿದ್ದವು. ಚಾ ಪಕ್ಕದಲ್ಲಿ ಆರುತ್ತಾ ಇತ್ತು.