ಕೆಳಗಿನ ‘ಬಿ’

ಆರು ತಂತಿಯ ಬೇಸ್ ಗಿಟಾರನ್ನು ಯಾರಾದರೂ ಕೈಗಿತ್ತರೆ ನಾನು ಮೊದಲು ಮೀಟುವುದು ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನೇ. ಬಣ್ಣ, ಮರದ ಹೊಳಪು, ತೂಕ, ಪಿಕಪ್ಪು ಇವೆಲ್ಲ ಆಮೇಲಿನ ಮಾತು. ಆ ತಂತಿಯ ಸ್ವರ ‘ಬಿ’. ಸೆಕೆಂಡಿಗೆ 30.87 ಕಂಪನ. ಮನುಷ್ಯನ ಕಿವಿಯ ಕೆಳಗಿನ ಗಡಿ 20ರ ಆಸುಪಾಸಿನಲ್ಲಿದೆ ಎನ್ನುತ್ತಾರೆ. ಅಂದರೆ ಈ ಸ್ವರ ಕೇಳಿಸುವಿಕೆಯ ಅಂಚಿನ ಹತ್ತಿರವೇ ಕೂತಿದೆ. ಪಿಯಾನೊದ ಎಡತುದಿಯ ಕಟ್ಟಕಡೆಯ ಮನೆಗಿಂತ ಎರಡೇ ಸ್ವರಸ್ಥಾನ ಮೇಲೆ. ಅಷ್ಟು ಕೆಳಕ್ಕಿಳಿಯಲು ದೊಡ್ಡ ಸಭಾಂಗಣದ ಪಿಯಾನೊ ಸುಮಾರು ಎರಡು ಮೀಟರ್ ಉದ್ದದ ತಂತಿಯನ್ನು ಬಿಗಿಯುತ್ತದೆ. ಬೇಸ್ ಗಿಟಾರಿನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ಸಾಮಾನ್ಯವಾಗಿ ಇರುವುದು 34 ಇಂಚು, ಒಂದು ಮೀಟರೂ ಇಲ್ಲ. ಇಷ್ಟು ಗಿಡ್ಡ ತಂತಿ ಅಷ್ಟು ಆಳದ ಸ್ವರವನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬ ಬೆರಗು, ಎಷ್ಟು ವಾದ್ಯ ನುಡಿಸಿದರೂ ನನ್ನಲ್ಲಿ ಹಳೆಯದಾಗಿಲ್ಲ.

ಈಚೆಗೆ ನನ್ನ ಹತ್ತಿರ ಕಲಿಯುವ ಹುಡುಗನೊಬ್ಬ ಅಂಥದ್ದೊಂದನ್ನು ಹೊತ್ತು ತಂದ. ಐವತ್ತು ಸಾವಿರದೊಳಗಿನದು. ಕುಶಲಕರ್ಮಿಗಳು ಕೈಯಾರೆ ಕಟ್ಟುವ ಆರು ತಂತಿಯ ವಾದ್ಯಗಳಿಗೆ ಹಲವು ಲಕ್ಷ ಕೊಡಬೇಕಾಗುವಾಗ ಇದು ಅಗ್ಗವೇ. “ಸರ್, ಒಂದ್ಸಲ ನೀವು ನುಡಿಸಿ ನೋಡಿ. ಬೇಡ ಅಂದ್ರೆ ಈ ವಾರದೊಳಗೆ ವಾಪಸ್ ಕೊಡಬಹುದು” ಎಂದ. ಬೇಡ ಅನ್ನದಿರಲಿ ಎಂಬ ಆಸೆ ಅವನ ಮುಖದಲ್ಲೇ ಇತ್ತು.

ಅವನ ವಯಸ್ಸಿನಲ್ಲಿ ಇಂಥ ವಾದ್ಯ ನನಗೆ ಫೋಟೊಗಳಲ್ಲಿ ಮಾತ್ರ ಕಂಡದ್ದು. ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ತಂದಾಗ ಅದಕ್ಕೆ ಡಬಲ್ ಬೇಸ್‌ನ ನಾಲ್ಕು ತಂತಿ, ಅದೇ ಶ್ರುತಿ ಇಟ್ಟರು. 1961ರಲ್ಲಿ ಅವರದೇ ಕಂಪನಿ ಆರು ತಂತಿಯ ಬೇಸ್ ಒಂದನ್ನು ಮಾಡಿತಾದರೂ ಅದು ಗಿಟಾರನ್ನೇ ಒಂದು ಸ್ಥಾಯಿ ಕೆಳಗಿಳಿಸಿದ ವಾದ್ಯ. ‘ಇ’ಗಿಂತ ಕೆಳಗೆ ಹೋಗುತ್ತಿರಲಿಲ್ಲ. ನಾಲ್ಕೇ ಏಕೆ ಎಂದು ಹಟ ಹಿಡಿದು ಕೇಳಿದವರು ಆಂಥನಿ ಜಾಕ್ಸನ್. ಬೇಸ್ ಗಿಟಾರು ಗಿಟಾರ್ ವಂಶದ್ದೇ ಅಲ್ಲವೆ, ಹಾಗಿದ್ದರೆ ಅದಕ್ಕೂ ಆರು ತಂತಿ ಇರಬೇಕಾದ್ದು ಸಹಜ ಎಂಬುದು ಅವರ ವಾದ. ಕೆಳಗೊಂದು ‘ಬಿ’, ಮೇಲೊಂದು ‘ಸಿ’. ಕಾರ್ಲ್ ಥಾಂಪ್ಸನ್ 1975ರಲ್ಲಿ ಅವರಿಗೆ ಅದನ್ನು ಕಟ್ಟಿಕೊಟ್ಟರು. ಜಾಕ್ಸನ್‌ಗೆ ಅದೂ ಸಾಲಲಿಲ್ಲ. ತಂತಿಗಳ ನಡುವಿನ ಅಂತರ, ನೆಕ್ಕಿನ ಉದ್ದ ಎಲ್ಲವನ್ನೂ ತಿದ್ದಿಸುತ್ತ ವರ್ಷಗಳನ್ನೇ ಕಳೆದರು. ಒಬ್ಬ ಮನುಷ್ಯ ಅಷ್ಟು ಕಾಲ ಹುಡುಕಿದ ವಾದ್ಯದ ವಂಶದ್ದೊಂದು ಇಂದು ಇಂಡೊನೇಷ್ಯಾದ್ದೋ ಚೀನಾದ್ದೋ ಕಾರ್ಖಾನೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಒಬ್ಬ ವಿದ್ಯಾರ್ಥಿಯ ಮನೆಗೆ ಬರುತ್ತದೆ. ಇದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳಲಾರೆ.

ಶ್ರುತಿ ಮಾಡಿ ಮೀಟಿದೆ. ‘ಇ’, ‘ಎ’, ‘ಡಿ’, ‘ಜಿ’ ನಾಲ್ಕೂ ಚೆನ್ನಾಗಿ ನುಡಿದವು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರವನ್ನು ಅಲ್ಲೇ ಬೆರಳು ತಾಗಿಸಿ ಹೊರಡಿಸಿದ ಸ್ವರದ ಜೊತೆ ಹೋಲಿಸಿದೆ. ತುಸು ವ್ಯತ್ಯಾಸ ಇದ್ದಲ್ಲಿ ಬ್ರಿಡ್ಜಿನ ತಿರುಪು ತಿರುಗಿಸಿದ್ದಕ್ಕೆ ಸರಿಹೋಯಿತು. ಫ್ರೆಟ್ಟುಗಳ ಅಂತರ ಕರಾರುವಾಕ್ಕಾಗಿದೆ. ಪ್ರತಿ ಫ್ರೆಟ್ಟೂ ಉಳಿದ ಉದ್ದವನ್ನು ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತ ಹೋಗಬೇಕು, ಹನ್ನೆರಡನೆಯದಕ್ಕೆ ಬಂದಾಗ ಸರಿಯಾಗಿ ಅರ್ಧ, 17 ಇಂಚು, ಉಳಿದಿರಬೇಕು. ಒಂದು ಕಾಲಕ್ಕೆ ನುರಿತ ಕೈಯ ಹೆಮ್ಮೆಯಾಗಿದ್ದ ಈ ಕೆಲಸವನ್ನು ಈಗ ಕಂಪ್ಯೂಟರ್ ನಡೆಸುವ ಗರಗಸ ಮಾಡುತ್ತದೆ. ಅಗ್ಗದ ವಾದ್ಯದಲ್ಲಿ ಫ್ರೆಟ್ಟಿನ ತುದಿಗಳು ಅಂಗೈಗೆ ತರಚಬಹುದು, ಲೆಕ್ಕ ಮಾತ್ರ ತಪ್ಪುವುದು ಅಪರೂಪ. ಇದರಲ್ಲೂ ಎರಡು ಮೂರು ಕಡೆ ತುದಿ ಚುಚ್ಚುತ್ತಿತ್ತು. ಅರ ಹಿಡಿದರೆ ಹೋಗುವಂಥದು.

‘ಬಿ’ ಹಾಗಲ್ಲ. ತೆರೆದ ತಂತಿ ಗಂಭೀರವಾಗಿ ನುಡಿಯಿತು, ಐದನೆಯ ಫ್ರೆಟ್ಟಿನವರೆಗೂ ಸ್ವರ ಸ್ವರವಾಗಿಯೇ ಇತ್ತು. ಅಲ್ಲಿಂದ ಮೇಲೇರಿದಂತೆ ಕಲಸಿಕೊಂಡಿತು. ಶಬ್ದ ದೊಡ್ಡದಾಗಿಯೇ ಇದೆ, ಯಾವ ಸ್ವರ ಎಂದು ಹೇಳಲು ಕಿವಿ ತಡವರಿಸುತ್ತದೆ.

ಆರೂ ತಂತಿಗಳ ಉದ್ದ ಒಂದೇ, ಬಿಗಿತವೂ ಹೆಚ್ಚು ಕಡಿಮೆ ಒಂದೇ. ಎಲ್ಲ ಸೇರಿ ನೆಕ್ಕಿನ ಮೇಲೆ ನೂರು ಕಿಲೋದ ಆಸುಪಾಸಿನ ಸೆಳೆತ. ಸ್ವರ ಬದಲಾಗಬೇಕಾದರೆ ಉಳಿದ ದಾರಿ ದಪ್ಪ ಒಂದೇ. ಮೇಲಿನ ‘ಸಿ’ ತಂತಿ 0.032 ಇಂಚು, ಕೆಳಗಿನ ‘ಬಿ’ 0.130 ಇಂಚು. ಸುಮಾರು ನಾಲ್ಕು ಪಟ್ಟು ದಪ್ಪ, ಹೆಚ್ಚು ಕಡಿಮೆ ನಾಲ್ಕನೆಯ ಒಂದು ಭಾಗ ಕಂಪನ. ಈ ಸರಳ ಲೆಕ್ಕ ಕೈಬೆರಳಿಗೇ ತಿಳಿಯುತ್ತದೆ ಎಂಬುದು ನನಗೆ ತುಂಬ ಇಷ್ಟ. ಆದರೆ ದಪ್ಪವಾದಷ್ಟೂ ತಂತಿ ಕಬ್ಬಿಣದ ಸರಳಿನ ಗುಣ ತಾಳುತ್ತದೆ, ಸುಲಭವಾಗಿ ಬಾಗುವುದಿಲ್ಲ. ಅದಕ್ಕೇ ಒಳಗೆ ತೆಳುವಾದ ಉಕ್ಕಿನ ಎಳೆಯಿಟ್ಟು ಅದರ ಮೇಲೆ ಸುತ್ತಿನ ಮೇಲೆ ಸುತ್ತು ಹಾಕಿ ತೂಕ ತರುತ್ತಾರೆ. ಆದರೂ ಬಿರುಸು ಪೂರ್ತಿ ಹೋಗುವುದಿಲ್ಲ. ಮೇಲಿನ ಫ್ರೆಟ್ಟಿಗೆ ಹೋದಂತೆ ಮಿಡಿಯುವ ಭಾಗ ಗಿಡ್ಡವಾಗುತ್ತದೆ, ಬಿರುಸು ಎದ್ದು ಕಾಣುತ್ತದೆ. ಸ್ವರದ ಜೊತೆಗೆ ಹುಟ್ಟುವ ಉಪಸ್ವರಗಳು ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ತಮ್ಮ ಸಾಲಿನಿಂದ ಕದಲಿ ಮೇಲಕ್ಕೆ ಜಾರುತ್ತವೆ.

ಜಾರಿದರೆ ಏನಾಯಿತು? ಇಲ್ಲಿಂದ ಮುಂದಿನದು ವಾದ್ಯದೊಳಗೆ ನಡೆಯುವುದೇ ಅಲ್ಲ.

ನಾವು ನುಡಿಸುತ್ತಿದ್ದ ಆಂಪ್ ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಳ್ಳುವಂಥದು, ಎಂಟು ಇಂಚಿನ ಸ್ಪೀಕರ್. 31 ಕಂಪನದ ಸ್ವರ ಅದರಿಂದ ಹೊರಡುವುದೇ ಇಲ್ಲ ಎನ್ನಬೇಕು. ವೇದಿಕೆಯ ಮೇಲಿನ ದೊಡ್ಡ ಕ್ಯಾಬಿನೆಟ್ಟುಗಳಲ್ಲೂ ಹೆಚ್ಚಿನವು 40ರ ಕೆಳಗೆ ಸೋಲುತ್ತವೆ. ಆದರೂ ಕೋಣೆಯಲ್ಲಿ ಇಬ್ಬರಿಗೂ ಕೆಳಗಿನ ‘ಬಿ’ ಕೇಳಿಸಿತು. ಗಾಳಿಯಲ್ಲಿ ಇದ್ದದ್ದು 62, 93, 124 ಹೀಗೆ ಮೇಲಿನ ಉಪಸ್ವರಗಳು. ಅವುಗಳ ನಡುವೆ ಸಮನಾಗಿರುವ ಅಂತರವನ್ನು ಕಂಡುಕೊಂಡು, ಇವೆಲ್ಲ 31ರ ಸಂತಾನ ಎಂದು ತೀರ್ಮಾನಿಸಿ, ಇಲ್ಲದ ಆ ಸ್ವರವನ್ನು ನಮಗೆ ಕೇಳಿಸಿದ್ದು ನಮ್ಮದೇ ಕಿವಿ, ನಮ್ಮದೇ ಮಿದುಳು. ಜಾತ್ರೆಯಲ್ಲಿ ಅಣ್ಣತಮ್ಮಂದಿರ ಮುಖ ನೋಡಿದ ಹಿರಿಯರು, ಅಪ್ಪ ಜೊತೆಗಿಲ್ಲದಿದ್ದರೂ, ಇಂಥವರ ಮಕ್ಕಳು ಎಂದು ಗುರುತು ಹಿಡಿಯುತ್ತಾರಲ್ಲ, ಹಾಗೆ. ಜರ್ಮನಿಯ ಆಗಸ್ಟ್ ಸೀಬೆಕ್ 1841ರಲ್ಲಿ ಸೈರನ್ ಇಟ್ಟುಕೊಂಡು ಇದನ್ನು ಗಮನಿಸಿದ್ದರು. ಆ ಕಾಲದ ದೊಡ್ಡವರು ಒಪ್ಪಲಿಲ್ಲ. ಸುಮಾರು ನೂರು ವರ್ಷದ ಮೇಲೆ ಹಾಲೆಂಡಿನಲ್ಲಿ ಶೌಟನ್ ಅದನ್ನು ಮತ್ತೆ ಎತ್ತಿಕೊಂಡರು.

ಉಪಸ್ವರಗಳ ಸಾಲು ಚೊಕ್ಕವಾಗಿದ್ದರೆ ಕಿವಿ ತಡೆಯಿಲ್ಲದೆ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಸಾಲು ಕದಲಿದರೆ ಗೊಂದಲಕ್ಕೆ ಬೀಳುತ್ತದೆ, ನಮಗೆ ಕೆಸರಿನಂಥ ಸದ್ದು ಕೇಳುತ್ತದೆ. ಹಲವು ಲಕ್ಷದ ವಾದ್ಯ ಕೊಡುವುದರಲ್ಲಿ ಬಹುಪಾಲು ಈ ಚೊಕ್ಕತನವೇ ಎಂದು ನನ್ನ ನಂಬಿಕೆ. ಗಟ್ಟಿಯಾದ ನೆಕ್, ಕೆಲವೊಮ್ಮೆ 34ರ ಬದಲು 35 ಅಥವಾ 36 ಇಂಚಿನ ಉದ್ದ, ಎಲ್ಲವೂ ಕೇಳುವವನ ಕಿವಿಯ ಕೆಲಸವನ್ನು ಹಗುರ ಮಾಡಲಿಕ್ಕೆ.

ಹಗುರ ಮಾಡಲು ಬಲಗೈಗೂ ಒಂದು ದಾರಿ ಇದೆ. ತಂತಿಯನ್ನು ನಟ್ಟನಡುವೆ ಮೀಟಿದರೆ ಸಮಸಂಖ್ಯೆಯ ಉಪಸ್ವರಗಳು ಹುಟ್ಟುವುದೇ ಇಲ್ಲ, ‘ಬಿ’ ಟೊಳ್ಳಾಗುತ್ತದೆ. ಬ್ರಿಡ್ಜಿನ ಹತ್ತಿರ ಸರಿದರೆ ಅವು ಮರಳಿ ಬರುತ್ತವೆ, ಸ್ವರ ಸ್ಪಷ್ಟವಾಗುತ್ತದೆ. ಈ ನಿಯಮಕ್ಕೆ ನಮ್ಮ ತಂಬೂರಿ ಮಣಿಯುವುದಿಲ್ಲ ಎಂದು ತೋರಿಸಿಕೊಟ್ಟವರು ಸಿ. ವಿ. ರಾಮನ್. ಮುಂದೆ ಬೆಂಗಳೂರಿನವರೇ ಆದ ಅವರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ತಂಬೂರಿ ಮತ್ತು ವೀಣೆಯ ಕುದುರೆಯ, ಅಂದರೆ ಬ್ರಿಡ್ಜಿನ, ಬಗ್ಗೆ ಬರೆದರು. ಅಗಲವಾದ, ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಕುಣಿಯುವುದರಿಂದ, ಹುಟ್ಟಬಾರದ ಉಪಸ್ವರಗಳೂ ಅಲ್ಲಿ ಹುಟ್ಟುತ್ತವೆ. ತಂಬೂರಿಯ ಎದುರು ಕೂತಾಗಲೆಲ್ಲ ನನಗೆ ಅನಿಸುವುದುಂಟು: ಕುದುರೆಯ ಮೇಲೆ ತಂತಿಯಡಿಗಿಡುವ ಜೀವಾಳಿಯ ನೂಲೆಳೆಯನ್ನು ಕೂದಲೆಳೆಯಷ್ಟು ಸರಿಸಿ ನಾದವನ್ನು ಅರಳಿಸಲು ಕಲಿತವರಿಗೆ, ಕಿವಿಗೆ ಏನು ಬೇಕು ಎಂಬುದು ಯಾವ ಸೂತ್ರಕ್ಕಿಂತಲೂ ಮೊದಲೇ ಗೊತ್ತಿತ್ತು.

ಹುಡುಗನ ವಾದ್ಯದ ಕಾರ್ಖಾನೆ ತಂತಿ ಬಿಚ್ಚಿ, ಬ್ರಿಡ್ಜಿನ ಮೇಲೆ ಕೂರುವ ಕಡೆ ತೆಳ್ಳಗಾಗುವ ಬೇರೊಂದು ‘ಬಿ’ ಹಾಕಿದೆವು. ಐದಕ್ಕೆ ನಿಲ್ಲುತ್ತಿದ್ದ ಸ್ಪಷ್ಟತೆ ಒಂಬತ್ತನೆಯ ಫ್ರೆಟ್ಟಿನವರೆಗೂ ಬಂತು. ಅವನ ಹುಬ್ಬು ಮೇಲೇರಿತು. ‘ಜಿ’ ತಂತಿಯ ಆರನೆಯ ಫ್ರೆಟ್ಟಿನಲ್ಲಿ ಸ್ವರ ಬೇಗ ಸಾಯುತ್ತಿತ್ತು, ಅದಕ್ಕೆ ಮಾತ್ರ ಮದ್ದಿಲ್ಲ. ನೆಕ್ಕಿನ ಮರದ ಸ್ವಂತ ಕಂಪನ ಆ ಸ್ವರಕ್ಕೆ ಹತ್ತಿರವಿದ್ದು, ಅದರ ಬಲವನ್ನು ಹೀರಿಕೊಳ್ಳುತ್ತದೆ. ದುಬಾರಿ ವಾದ್ಯಗಳಲ್ಲೂ ಇದು ಇದ್ದದ್ದೇ.

“ತಗೊಳ್ಳಪ್ಪ. ಸೆಟಪ್ ಒಂದು ಸರಿಯಾಗಿ ಮಾಡಿಸು. ಈ ಅಗಲದ ನೆಕ್ಕಿಗೆ ಎಡಗೈ ಹೊಂದಿಕೊಳ್ಳೋಕೆ ಟೈಮ್ ಬೇಕು. ನುಡಿಸದ ಐದು ತಂತಿ ತಾವಾಗಿ ಮಿಡಿಯದ ಹಾಗೆ ಹಿಡಿದಿಡೋದನ್ನ ಮೊದಲು ಕಲಿ” ಎಂದೆ.

“ಆಂಪ್ ದೊಡ್ಡದು ಬೇಕಾ ಸರ್, ‘ಬಿ’ಗೆ?”

“ಈಗ ಬೇಡ” ಎಂದು, ಆ ಸಣ್ಣ ಸ್ಪೀಕರಿನ ಮುಂದೆ ಇನ್ನೊಮ್ಮೆ ಆ ತಂತಿಯನ್ನು ಮೀಟಲು ಹೇಳಿದೆ.