ಆಟದ ಗುರುವೂ ಪರದೇಶದ ಸಂಬಳವೂ

ಕಾಲ್ಚೆಂಡಿನ ತಂಡವೊಂದಕ್ಕೆ ಗುರುವಾಗಿರತಕ್ಕವನು, ಹೊರನಾಡಿನವರು ಹಲವು ಪಾಲು ಹೆಚ್ಚಿನ ಸಂಬಳವನ್ನು ಕೊಡುವೆವೆಂದು ಕರೆದರೆ, ಹೋಗಬಹುದೆ, ಹೋಗಬಾರದೆ? ಇದು ಆಟದ ಮಾತೆಂದು ವಾಚಕರು ಕಡೆಗಣಿಸಲಾಗದು. ಮಕ್ಕಳಲ್ಲಿ ಒಬ್ಬರಾದರೂ ದೂರದ ಊರಿನ ಅನ್ನಕ್ಕೆ ಹೋಗದಿರುವ ಮನೆಗಳು ನಮ್ಮಲ್ಲಿ ಈಗ ಎಷ್ಟಿವೆ?

ಈ ಪ್ರಶ್ನೆಗೆ ಈಚೆಗೆ ಕಾರಣವಾದವರು ಇಟಲಿಯ ರೊಬೆರ್ತೊ ಮಂಚಿನಿ ಎಂಬವರು. ಇವರು 2021ರಲ್ಲಿ ತಮ್ಮ ದೇಶದ ತಂಡಕ್ಕೆ ಯುರೋಪ್ ಖಂಡದ ಪ್ರಶಸ್ತಿಯನ್ನು ಗಳಿಸಿಕೊಟ್ಟರು. 2023ರ ಆಗಸ್ಟಿನಲ್ಲಿ, ಮುಂದಿನ ಪಂದ್ಯಾವಳಿಗೆ ಅರ್ಹತೆಯ ಪಂದ್ಯಗಳು ನಡೆಯುತ್ತಿರುವಾಗಲೇ ಆ ಸ್ಥಾನವನ್ನು ಬಿಟ್ಟು, ಎರಡು ವಾರಗಳಲ್ಲಿ ಸೌದಿ ಅರೇಬಿಯದ ತಂಡಕ್ಕೆ ಗುರುವಾದರು. ಬಿಟ್ಟುದಕ್ಕೆ ಕಾರಣ ಬೇರೆಯೆಂದು ಅವರು ಹೇಳಿದರು, ಜನರು ಹಣವೆಂದರು. ಅಲ್ಲಿಯ ಸಂಬಂಧವೂ 2024ರ ಅಕ್ಟೋಬರಿನಲ್ಲಿ ಮುಗಿಯಿತು.

ವಿದ್ಯೆಯನ್ನು ಹೊಟ್ಟೆಪಾಡಿಗೆ ಮಾತ್ರವೇ ಇಟ್ಟುಕೊಂಡವನು ಅಂಗಡಿಕಾರನಿಗೆ ಸಮನೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಆದರೆ ವಿದ್ಯಾವಂತನು ಹುಟ್ಟಿದೂರಿನಲ್ಲಿಯೇ ಸವೆಯತಕ್ಕದ್ದೆಂದು ಅವರು ವಿಧಿಸಲಿಲ್ಲ. ನಮ್ಮ ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ್ದು. ಅದೇ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದು ವಿದ್ಯಾಪತಿಯಾದವನು ಬಿಲ್ಹಣ ಕವಿ. ಅರಸನ ಚರಿತ್ರೆಯನ್ನು ಹದಿನೇಳು ಸರ್ಗಗಳಲ್ಲಿ ಹಾಡಿ, ಕಡೆಯ ಸರ್ಗವನ್ನು ತನ್ನ ಜನ್ಮಭೂಮಿಗೂ ತನ್ನ ವೃತ್ತಾಂತಕ್ಕೂ ಮೀಸಲಿಟ್ಟನು. ಅವನು ಉಂಡ ಮನೆಯನ್ನೂ ಹೊಗಳಿದನು, ಹುಟ್ಟಿದ ಮನೆಯನ್ನೂ ಮರೆಯಲಿಲ್ಲ. ಆದುದರಿಂದ ಪರದೇಶಗಮನವಾಗಲಿ ಸಂಬಳದ ಸ್ವೀಕಾರವಾಗಲಿ ತನ್ನಷ್ಟಕ್ಕೆ ದೋಷವಲ್ಲ.

ಸಮೀಪದ ನಿದರ್ಶನವೂ ಉಂಟು. ಹೊಳೆಯನ್ನು ದಾಟಿ ಮುಂಡರಗಿಯ ಮಾರ್ಗವಾಗಿ ಹೋದರೆ ಸಿಕ್ಕುವ ಗದಗ ಪಟ್ಟಣದವರು ಸುನೀಲ ಜೋಶಿಯವರು. ಬಾಲ್ಯದಲ್ಲಿ ಬೆಳಗಿನ ಜಾವವೇ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಹಿಂದಿರುಗುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಬಾಂಗ್ಲಾದೇಶವು 2000ದ ನವೆಂಬರಿನಲ್ಲಿ ಢಾಕಾದಲ್ಲಿ ತನ್ನ ಮೊತ್ತಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ, ಮೊದಲ ಇನಿಂಗ್ಸಿನಲ್ಲಿ ಐದು ವಿಕೆಟ್ ಕಿತ್ತು, 92 ಓಟಗಳನ್ನು ಗಳಿಸಿ, ಭಾರತಕ್ಕೆ ಗೆಲವು ತಂದವರು ಇವರೇ. ಅದೇ ಬಾಂಗ್ಲಾದವರು 2017ರಲ್ಲಿ ತಮ್ಮ ಸ್ಪಿನ್ ಬೌಲರುಗಳಿಗೆ ಪಾಠ ಹೇಳಲು ಇವರನ್ನು ಕರೆದರು. 2019ರ ವಿಶ್ವಕಪ್ಪಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಭಾರತಕ್ಕೂ ಬಾಂಗ್ಲಾಕ್ಕೂ ಪಂದ್ಯ ನಡೆದಾಗ, ಗದಗಿನ ಈ ಗುರುಗಳು ಎದುರು ಪಾಳೆಯದವರಾಗಿದ್ದರು. ಆ ವಿಶ್ವಕಪ್ಪಿನವರೆಗೂ ಅಲ್ಲಿ ದುಡಿದು, 2020ರಲ್ಲಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು.

ಎದುರಾಳಿಗೆ ವಿದ್ಯೆ ಕಲಿಸುವುದು ಸ್ವದೇಶಕ್ಕೆ ದ್ರೋಹವಲ್ಲವೆ ಎಂಬ ಆಕ್ಷೇಪವು ಬರಬಹುದು. ಆಟವು ಯುದ್ಧವಲ್ಲ; ಎದುರಾಳಿ ಬಲಿತರೆ ಆಟವೇ ಬಲಿಯುವುದು. ಗುರುವಿಗೆ ದ್ರೋಹವೆಂಬುದೊಂದಿದ್ದರೆ ಅದು ಬೇರೆ. ನಮ್ಮ ಕಡೆಯ ಬಯಲಾಟಗಳಲ್ಲಿ ಕರ್ಣಪರ್ವವನ್ನು ನೋಡಿದವರೆಲ್ಲರೂ ಶಲ್ಯನನ್ನು ಬಲ್ಲರು. ಸಾರಥ್ಯಕ್ಕೆ ಒಪ್ಪಿಕೊಂಡು, ಹಂಗಿಸಿ ಹಂಗಿಸಿ ವೀರನ ಧೈರ್ಯವನ್ನು ಕುಂದಿಸಿ, ಕಡೆಗೆ ಮಾತು ನಡೆಯಲಿಲ್ಲವೆಂದು ರಣಮಧ್ಯದಲ್ಲಿ ರಥದಿಂದಿಳಿದು ಹೋದವನವನು. ಮನಸ್ಸಿಟ್ಟು ನಡೆಸದಿರುವುದು ಒಂದು, ನಡುವೆ ಇಳಿಯುವುದು ಇನ್ನೊಂದು. ಗುರುವಿಗೆ ಇವೆರಡೇ ಪಾತಕಗಳೆಂದು ನನ್ನ ಮತ.

ತಂಡದ ಒಡೆಯರು ನಾಲ್ಕು ಪಂದ್ಯ ಸೋತರೆ ಗುರುವನ್ನು ನಡುವೆಯೇ ಹೊರಡಿಸುವರು. ಅವನಿಗೆ ಮಾತ್ರ ಈ ಕಟ್ಟೇಕೆ ಎನ್ನುವವರಿದ್ದಾರೆ. ಒಡೆಯರ ಲೆಕ್ಕಕ್ಕೆ ಈ ನ್ಯಾಯವು ಸರಿ. ಆದರೆ ಗುರುವಿಗೆ ಋಣವಿರುವುದು ಒಡೆಯರೊಡನೆ ಮಾತ್ರವಲ್ಲ. ಅವನ ಮಾತನ್ನು ನಂಬಿ ಬೆವರು ಸುರಿಸಿದ ಹುಡುಗರು ಅವನನ್ನು ಹೊರಡಿಸಿದವರಲ್ಲ.

ಇದನ್ನು ಹೇಳಲು ನನಗೆ ಅಧಿಕಾರವಿರುವುದು ತಪ್ಪಿದವನೆಂಬ ಕಾರಣದಿಂದ ಮಾತ್ರ. ತಾರುಣ್ಯದಲ್ಲಿ ನಾನು ಒಂದು ಚಿಕ್ಕ ಊರಿನ ಶಾಲೆಯಲ್ಲಿ ಸಂಸ್ಕೃತ ಹೇಳುತ್ತಿದ್ದೆನು. ದೂರದ ಪಟ್ಟಣದಿಂದ ಇಮ್ಮಡಿ ಸಂಬಳದ ಕರೆ ಬಂದಿತು. ಮನೆಯಲ್ಲಿ ತಂಗಿಯ ಮದುವೆಯ ಸಾಲವಿದ್ದಿತು. ಪುಷ್ಯಮಾಸದಲ್ಲಿ, ಪರೀಕ್ಷೆಗೆ ಮೂರು ತಿಂಗಳಿರುವಾಗ ಹೊರಟೆನು. ಬಸ್ಸಿನ ಬಳಿಗೆ ಬಂದ ಹುಡುಗನೊಬ್ಬನು, “ಸಮಾಸ ಅರ್ಧಕ್ಕ ನಿಂತೈತ್ರಿ ಸರ. ಉಳಿದದ್ದು ಯಾರು ಹೇಳಿಕೊಡ್ತಾರ?” ಎಂದು ಕೇಳಿದನು. ಬೇರೆ ಪಂಡಿತರು ಬರುವರೆಂದು ಹೇಳಿ ಬಸ್ಸು ಹತ್ತಿದೆನು. ಆ ವರ್ಷ ಯಾರೂ ಬರಲಿಲ್ಲವೆಂದು ಆಮೇಲೆ ತಿಳಿಯಿತು.

ಸಾಲವು ತೀರಿತು, ಹೋದುದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಮೂರು ತಿಂಗಳು ತಾಳಿರೆಂದು ಆ ಪಟ್ಟಣದವರನ್ನು ನಾನು ಕೇಳಲೇ ಇಲ್ಲ. ಕೇಳಿದರೆ ಕೆಲಸವು ತಪ್ಪೀತೆಂಬ ಭಯವಿದ್ದಿತು.

ಆದಕಾರಣ ಆಟದ ಗುರುವಿಗೂ ದೂರದೂರಿಗೆ ಹೊರಟ ನಮ್ಮ ಮಕ್ಕಳಿಗೂ ನನ್ನ ಸೂಚನೆಯು ಒಂದೇ. ಹೋಗಿರಿ; ಯೋಗ್ಯತೆಗೆ ತಕ್ಕ ಸಂಬಳವನ್ನು ಸಂಕೋಚವಿಲ್ಲದೆ ಪಡೆಯಿರಿ; ಹೋದಲ್ಲಿ ಬಲ್ಲುದನ್ನು ಬಚ್ಚಿಡದೆ ಕಲಿಸಿರಿ. ಹೊರಡುವ ಮುನ್ನ, ಕೈಯಲ್ಲಿರುವ ಪಾಠವು ಮುಗಿಯುವವರೆಗೆ ತಾಳಿರೆಂದು ಕರೆದವರನ್ನು ಒಮ್ಮೆ ಕೇಳಿರಿ. ಅವರು ಒಲ್ಲೆವೆಂದರೆ ಆಗ ಯೋಚಿಸಬೇಕಾದೀತು. ಕೇಳದೆ ಹೋದವನಿಗೆ ಆ ಯೋಚನೆಯು ಮುಪ್ಪಿನವರೆಗೂ ಉಳಿಯುವುದು.