ಉಳಿದ 24 ಪದವಿ ಯಾವುವು?

 

ಜಡೆಯಲ್ಲಿ ಏಪ್ರಿಲ್ 14ರ ಸಭೆ. ಬಾಬಾಸಾಹೇಬರು 32 ಪದವಿ ಪಡೆದವರು ಎಂದೆ. ಚಪ್ಪಾಳೆ ಬಿತ್ತು. ಕೆಳಗಿಳಿದರೆ ಏಳನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ನಿಂತಿದ್ದಳು. "ಸರ್, ಯಾವ್ಯಾವ್ದು ಹೇಳಿ, ಬರ್ಕೊಳ್ತೀನಿ." ನಾಲ್ಕಕ್ಕೇ ತಡವರಿಸಿದೆ. ಆ ಸಂಖ್ಯೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು.

ರಾತ್ರಿ ಪುಸ್ತಕ ತೆಗೆದು ಕೂತೆ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎ., ಕೊಲಂಬಿಯಾದ ಎಂ.ಎ., ಪಿಎಚ್.ಡಿ., ಲಂಡನ್ನಿನ ಎಂ.ಎಸ್ಸಿ., ಡಿ.ಎಸ್ಸಿ., ಗ್ರೇಸ್ ಇನ್‌ನ ಬ್ಯಾರಿಸ್ಟರ್. ಗೌರವ ಡಾಕ್ಟರೇಟ್ ಎರಡು: 1952ರಲ್ಲಿ ಕೊಲಂಬಿಯಾ, 1953ರಲ್ಲಿ ಉಸ್ಮಾನಿಯಾ. ಒಟ್ಟು ಎಂಟು. ತರಗತಿಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತು ಓದಿದ ಹುಡುಗನ ಎಂಟು ನನಗೇಕೆ ಸಾಲಲಿಲ್ಲ?

ಮುಸಾವಾದವಾಯಿತೇ? ಮೋಸದ ಉದ್ದೇಶವಿರಲಿಲ್ಲ. ಆದರೆ ಹೇಳುವಾಗಲೇ ಸಣ್ಣ ಅನುಮಾನವಿತ್ತು, ಚಪ್ಪಾಳೆಯ ಆಸೆಗೆ ನುಂಗಿಕೊಂಡೆ. ಚಂಕಿ ಸುತ್ತದಲ್ಲಿ ಬುದ್ಧರು ಸತ್ಯವನ್ನು ಕಾಯುವ ಬಗೆ ತಿಳಿಸುತ್ತಾರೆ: ಕೇಳಿದ್ದನ್ನು ಕೇಳಿದ್ದು ಎಂದೇ ಹೇಳಬೇಕು, ಅಷ್ಟಕ್ಕೇ ಇದೊಂದೇ ನಿಜ ಎನ್ನಬಾರದು. ಮನಸ್ಸಿಗೆ ಹಿಡಿಸಿತು ಎಂಬುದೂ ಅಲ್ಲಿ ಸಾಕ್ಷಿಯಲ್ಲ. ಬಾಬಾಸಾಹೇಬರನ್ನು ಬೈದ ಮಾತಿಗೆ ನಾವು ಕೂಡಲೇ ಆಧಾರ ಕೇಳುತ್ತೇವೆ. ಹೊಗಳಿದ ಮಾತಿಗೆ ನಾನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಹುಡುಗಿಯ ಮನೆಗೇ ಹೋಗಿ ಎಂಟನ್ನೂ ಬರೆಸಿದೆ.

"ಉಳಿದ 24, ಸರ್?"

"ನಾನು ನೋಡದೆ ಹೇಳಿದ್ದು, ಮಗಾ."

ಅವಳು 32ನ್ನು ಹೊಡೆದುಹಾಕಿ ಪಕ್ಕದಲ್ಲಿ 8 ಎಂದು ಬರೆದಳು.